ಅರ್ಜಿ ಮಕ್ಕಳದು, ಬೆರಳು ಬೇರೆಯವರದು

ಸಿಇಟಿ ಅರ್ಜಿ ತೆರೆದ ವಾರ ನಮ್ಮೂರಿನ ಯಾವುದಾದರೂ ಸೈಬರ್ ಅಂಗಡಿಯ ಮುಂದೆ ನಿಂತು ನೋಡಿ. ಕುರ್ಚಿಯಲ್ಲಿ ಅಂಗಡಿಯವನು, ಪಕ್ಕದಲ್ಲಿ ಮಾಮನೋ ಅಣ್ಣನೋ, ಹಿಂದೆ ಮೂಲೆಯಲ್ಲಿ ಫೈಲು ಹಿಡಿದುಕೊಂಡು ಪರೀಕ್ಷೆ ಬರೆಯಬೇಕಾದ ಹುಡುಗಿ. ಒಟಿಪಿ ಹೋಗುವುದು ದಮ್ಮಾಮಿನಲ್ಲಿರುವ ಬಾಪನ ಮೊಬೈಲಿಗೆ. ಅವರು ಡ್ಯೂಟಿಯಲ್ಲಿದ್ದರೆ ಎಲ್ಲರೂ ಕಾಯಬೇಕು.

ನಮ್ಮ ಮದ್ರಸದಲ್ಲಿ ಕಲಿತ ಒಬ್ಬಳಿಗೆ ಹೀಗೆಯೇ ಪೆಟ್ಟು ಬಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. 2ಬಿ ಪ್ರಮಾಣಪತ್ರ ಮನೆಯ ಕಪಾಟಿನಲ್ಲಿತ್ತು, ಅರ್ಜಿಯಲ್ಲಿ ಸಾಮಾನ್ಯ ವರ್ಗ ಎಂದು ಬಿತ್ತು. ತಿದ್ದುಪಡಿಯ ದಿನಗಳು ಮುಗಿದ ಮೇಲೆ ಮನೆಯವರಿಗೆ ಗೊತ್ತಾಯಿತು. ಅವಳು ಮಾತ್ರ ಆವತ್ತೇ ಸ್ಕ್ರೀನಿನಲ್ಲಿ ನೋಡಿದ್ದಳಂತೆ. "ಮಾಮ ಇದ್ದರಲ್ಲ ಉಸ್ತಾದ್, ನಡುವೆ ನಾನು ಹೇಗೆ ಬಾಯಿ ಹಾಕುವುದು?" ಎಂದಳು.

ಈ 2ಬಿ ಸುಮ್ಮನೆ ಉಳಿದದ್ದಲ್ಲ. 2023ರ ಮಾರ್ಚಿನಲ್ಲಿ ಆಗಿನ ರಾಜ್ಯ ಸರಕಾರ ಮುಸ್ಲಿಮರ ಶೇ. 4 ಮೀಸಲಾತಿಯನ್ನು ತೆಗೆದುಹಾಕಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಸದ್ಯ ಜಾರಿ ಮಾಡುವುದಿಲ್ಲ ಎಂದು ಸರಕಾರವೇ ಅಲ್ಲಿ ಹೇಳಬೇಕಾಯಿತು. ಕೋರ್ಟಿನವರೆಗೆ ಹೋಗಿ ಉಳಿಸಿಕೊಂಡದ್ದನ್ನು ನಾವು ಸೈಬರ್ ಅಂಗಡಿಯಲ್ಲಿ ಒಂದು ಕ್ಲಿಕ್ಕಿಗೆ ಬಿಟ್ಟು ಬರುತ್ತೇವೆ.

ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಬಂಟ್ವಾಳ, ಬೆಳ್ತಂಗಡಿ ಕಡೆಯ ನಮ್ಮ ಎಷ್ಟೋ ಮಕ್ಕಳು ಸರಕಾರಿ ಕನ್ನಡ ಶಾಲೆಯವರೇ. ಯಾವ ಶಾಲೆ, ಯಾವ ಮಾಧ್ಯಮ ಎಂದು ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು? ಓದಿದವರೇ ಹೇಳಬೇಕಲ್ಲ.

ಸೀಟು ಬಂದ ಮೇಲಿನ ಕತೆ ಇನ್ನೂ ಸೂಕ್ಷ್ಮ. ಮೊದಲ ಆಯ್ಕೆ ಒತ್ತಿದರೆ ಆ ಕಾಲೇಜೇ ಗಟ್ಟಿ, ಮುಂದಿನ ಸುತ್ತು ಇಲ್ಲ. ಎರಡನೆಯದು ಒತ್ತಿದರೆ ಸಿಕ್ಕಿದ್ದು ಕೈಯಲ್ಲಿರುತ್ತದೆ, ಮೇಲಿನದಕ್ಕೂ ಕಾಯಬಹುದು. ಆದರೆ ಮೇಲಿನದು ಬಂದರೆ ಹಳೆಯದು ಹೋಯಿತು. ಮೂರನೆಯದರಲ್ಲಿ ಸಿಕ್ಕಿದ್ದನ್ನೂ ಬಿಟ್ಟು ಕಾಯುವುದು, ನಾಲ್ಕನೆಯದರಲ್ಲಿ ಹೊರಗೆ. ಬಸ್ಸಿಗೆ ಎಷ್ಟು ಹೊತ್ತು, ಹಾಸ್ಟೆಲಿಗೆ ಮನೆಯವರು ಒಪ್ಪುತ್ತಾರೋ, ಫೀಸಿಗೆ ಅರಿವು ಸಾಲ ಹಾಕಬೇಕೋ, ಇದೆಲ್ಲ ಮಾತಾಡಿ ತೀರ್ಮಾನಿಸಬೇಕಾದದ್ದು. ಮಾತಾಡುವಾಗ ಹುಡುಗಿಯನ್ನು ಚಾ ಮಾಡಲಿಕ್ಕೆ ಒಳಗೆ ಕಳಿಸಿದರೆ ಎಂತ ಪ್ರಯೋಜನ?

ಇದರಲ್ಲಿ ನಮ್ಮ ಪಾಲೂ ಇದೆ. ದೊಡ್ಡವರ ಎದುರು ಸುಮ್ಮನಿರುವುದೇ ಅದಬು ಎಂದು ಮದ್ರಸದಲ್ಲಿ ಕಲಿಸಿದವರು ನಾವೇ. ತಪ್ಪು ಕಂಡಾಗ ಮೆಲ್ಲನೆ "ಮಾಮ, ಅದು 2ಬಿ" ಎನ್ನುವುದೂ ಅದಬೇ ಎಂದು ಕಲಿಸಲಿಲ್ಲ.

ಆ ಹುಡುಗಿಯ ತಂಗಿ ಈಗ ದ್ವಿತೀಯ ಪಿಯುಸಿ. ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದಾಳೆ. ಅರ್ಜಿಗೆ ಯಾರ ಮೊಬೈಲ್ ನಂಬರ್ ಕೊಡುವುದು ಎಂದು ಮನೆಯಲ್ಲಿ ಇನ್ನೂ ಮಾತುಕತೆ ನಡೆಯುತ್ತಾ ಇದೆ.