ನಿದ್ರಾನಾಶದ ಕಾರಣ ಗೋಡೆಯಾಚೆ ಇದ್ದರೆ?

ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಶರೀರವನ್ನು ಎತ್ತಿ ಹಿಡಿಯುವ ಮೂರು ಉಪಸ್ತಂಭಗಳೆಂದು ಚರಕಸಂಹಿತೆ ಹೇಳುತ್ತದೆ. ಮನುಷ್ಯನ ಸುಖ-ದುಃಖ, ಪುಷ್ಟಿ-ಕೃಶತೆ, ಬಲ-ದೌರ್ಬಲ್ಯಗಳು ನಿದ್ರೆಯನ್ನು ಅವಲಂಬಿಸಿವೆ ಎಂಬುದೂ ಆ ಗ್ರಂಥದ ಅಭಿಪ್ರಾಯವೇ. ಆಹಾರದ ವಿಷಯದಲ್ಲಿ ನಾವು ಈಚೆಗೆ ಎಚ್ಚರಗೊಂಡಿದ್ದೇವೆ. ಆದರೆ ನಿದ್ರೆಯೆಂಬ ಕಂಬವನ್ನು ಪ್ರತಿ ರಾತ್ರಿ ಅಲುಗಿಸುವ ಶಬ್ದದ ವಿಷಯದಲ್ಲಿ ಮಾತ್ರ ಇನ್ನೂ ಉದಾಸೀನರಾಗಿದ್ದೇವೆ.

ಕೆಲವು ವರ್ಷಗಳ ಹಿಂದೆ ಅರವತ್ತೆಂಟು ವಯಸ್ಸಿನ ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ನಿದ್ರೆಯಿಲ್ಲ, ತಲೆಭಾರ, ಹಸಿವಿಲ್ಲ, ಮಾತೆತ್ತಿದರೆ ಸಿಟ್ಟು. ರಕ್ತದೊತ್ತಡವೂ ಹತೋಟಿಗೆ ಬರುತ್ತಿರಲಿಲ್ಲ. ಅಶ್ವಗಂಧ ಕೊಟ್ಟೆ, ರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳಲು ಹೇಳಿದೆ. ಒಂದು ತಿಂಗಳು ಕಳೆದರೂ ಗುಣ ಕಾಣಲಿಲ್ಲ. ನಡುವೆ ಅವರು ಎಂಟು ದಿನ ಹಳ್ಳಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅಲ್ಲಿ ಮಾತ್ರ ಸೊಗಸಾಗಿ ನಿದ್ರೆ ಬಂದಿತಂತೆ! ಆಗ ವಿಚಾರಿಸಿದಾಗ ತಿಳಿಯಿತು: ಅವರ ಹಿತ್ತಲ ಗೋಡೆಗೆ ಅಂಟಿದಂತೆ ಹೊಸ ವಾಣಿಜ್ಯ ಕಟ್ಟಡ ಎದ್ದಿತ್ತು. ಅದರ ಹೋಟೆಲಿನ ಎಕ್ಸಾಸ್ಟ್ ಫ್ಯಾನು ಅವರು ಮಲಗುವ ಕೋಣೆಯ ಕಿಟಕಿಗೆ ಎದುರಾಗಿ ರಾತ್ರಿ ಹನ್ನೊಂದೂವರೆಯವರೆಗೆ ತಿರುಗುತ್ತಿತ್ತು. ಕರೆಂಟು ಹೋದರೆ ಜನರೇಟರ್ ಬೇರೆ. ಇದನ್ನು ಮೊದಲ ದಿನವೇ ಕೇಳದೆ ಹೋದದ್ದು ವೈದ್ಯನಾದ ನನ್ನ ತಪ್ಪು.

ಇಂದ್ರಿಯಗಳಿಗೆ ಅವುಗಳ ವಿಷಯ ಅತಿಯಾಗಿ ಒದಗುವುದು ರೋಗಕ್ಕೆ ಕಾರಣವೆಂದು ಚರಕರು ಹೇಳುತ್ತಾರೆ. ಗುಡುಗು, ನಗಾರಿಯಂಥ ಅಬ್ಬರದ ಶಬ್ದಗಳನ್ನು ಅತಿಯಾಗಿ ಕೇಳುವುದನ್ನು ಕಿವಿಯ ಅತಿಯೋಗವೆಂದು ಹೆಸರಿಸಿದ್ದಾರೆ. ಸುಶ್ರುತರ ಮತದಲ್ಲಿ ಚಿಕಿತ್ಸೆಯೆಂದರೆ ಸಂಕ್ಷೇಪವಾಗಿ ನಿದಾನ ಪರಿವರ್ಜನ, ಅಂದರೆ ರೋಗದ ಕಾರಣವನ್ನು ದೂರಮಾಡುವುದು. ಕಾರಣ ಗೋಡೆಯಾಚೆ ಹಾಗೆಯೇ ಉಳಿದಿರುವಾಗ ಗೋಡೆಯೀಚೆ ಚೂರ್ಣ, ಕಷಾಯ ಕೊಟ್ಟು ಫಲವೇನು?

ಆಧುನಿಕ ವಿಜ್ಞಾನದ ನಿಲುವೂ ಇದಕ್ಕೆ ಹೊರತಲ್ಲ. ಮಲಗುವ ಕೋಣೆಯೊಳಗೆ ನಿರಂತರ ಶಬ್ದ ೩೦ ಡೆಸಿಬೆಲ್ ಮೀರದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ೧೯೯೯ರಲ್ಲಿಯೇ ಸೂಚಿಸಿತು. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ ಈ ಮಿತಿ ೬೫ ಮತ್ತು ೫೫. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಶಬ್ದ ಸುಮಾರು ಇಮ್ಮಡಿಯಾದಂತೆ ಕೇಳಿಸುತ್ತದೆ. ಮನೆಗಳ ಸಾಲಿನಲ್ಲಿ ಅಂಗಡಿ, ಹೋಟೆಲು, ಕಲ್ಯಾಣಮಂಟಪಗಳು ಏಳುತ್ತಿರುವ ನಮ್ಮ ಊರುಗಳಲ್ಲಿ ಈ ವ್ಯತ್ಯಾಸ ಅಲ್ಪವಲ್ಲ.

ವ್ಯಾಪಾರವನ್ನೇ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಅದೂ ಕಾಯಕವೇ, ಹಲವು ಮನೆಗಳ ಒಲೆ ಉರಿಯುವುದು ಅದರಿಂದ. ಆದರೆ ಪರಿಹಾರಗಳು ನಾವೆಣಿಸಿದಷ್ಟು ಕಷ್ಟವಲ್ಲ. ಫ್ಯಾನು ಮತ್ತು ಎ.ಸಿ. ಯಂತ್ರಗಳ ಬಾಯಿಯನ್ನು ಮನೆಗಳ ಕಡೆಯಿಂದ ರಸ್ತೆಯ ಕಡೆಗೆ ತಿರುಗಿಸಬಹುದು, ಅವುಗಳ ಕೆಳಗೆ ರಬ್ಬರ್ ಪ್ಯಾಡ್ ಇರಿಸಬಹುದು, ಸವೆದ ಬೇರಿಂಗ್ ಬದಲಿಸಬಹುದು. ಡೀಸೆಲ್ ಜನರೇಟರಿಗೆ ಶಬ್ದ ತಡೆಯುವ ಕವಚ ಹಾಕಿಸಬೇಕು. ಸಾಮಾನು ಇಳಿಸುವ ಕೆಲಸವನ್ನು ರಾತ್ರಿ ಹತ್ತರೊಳಗೆ ಮುಗಿಸಬೇಕು. ಒಂದು ಸಾಲು ಗಿಡ ನೆಟ್ಟರೆ ಸಾಕೆಂಬುದು ಹಲವರ ನಂಬಿಕೆ. ಗಿಡ ತಂಪು ಕೊಡುತ್ತದೆ, ಆದರೆ ಶಬ್ದವನ್ನು ಅಷ್ಟಾಗಿ ತಡೆಯದು. ಯಂತ್ರವನ್ನು ಕಣ್ಣಿಗೆ ಮರೆಮಾಡುವಷ್ಟು ಎತ್ತರದ, ಸಂದಿಯಿಲ್ಲದ ಗೋಡೆ ಹೆಚ್ಚು ಉಪಯುಕ್ತ.

ಆ ಶಿಕ್ಷಕಿಯ ಮಗ ಕಟ್ಟಡದ ಮಾಲೀಕರೊಡನೆ ಜಗಳವಾಡಲಿಲ್ಲ. ಒಂದು ರಾತ್ರಿ ಅವರನ್ನು ಮನೆಗೆ ಕರೆದು ತಾಯಿಯ ಕೋಣೆಯಲ್ಲಿ ಹತ್ತು ನಿಮಿಷ ಕೂರಿಸಿದರು. ಹದಿನೈದು ದಿನಗಳಲ್ಲಿ ಫ್ಯಾನು ಸ್ಥಳ ಬದಲಾಯಿಸಿತು. ಆ ತಾಯಿಗೆ ನಿದ್ರೆ ಮರಳಿತು. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಮುಂದುವರಿಸಿದರು, ಅದನ್ನು ವೈದ್ಯರ ಸಲಹೆಯಿಲ್ಲದೆ ಯಾರೂ ಬಿಡಕೂಡದು.

ಮಾತಿಗೆ ಮಣಿಯದವರಿದ್ದರೆ ಕಾನೂನಿನ ದಾರಿಯಿದೆ. ಶಬ್ದ ಮಿತಿಗಿಂತ ಹತ್ತು ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚಿದ್ದರೆ, ಇಲ್ಲವೆ ರಾತ್ರಿಯ ನಿರ್ಬಂಧಗಳನ್ನು ಮೀರಿದ್ದರೆ ಅಧಿಕಾರಿಗಳಿಗೆ ದೂರು ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ವಸತಿ ಪ್ರದೇಶದಲ್ಲಿ ಕಟ್ಟಡ ಕಾಮಗಾರಿಯ ಗದ್ದಲದ ಯಂತ್ರಗಳನ್ನು ರಾತ್ರಿ ನಡೆಸುವುದಕ್ಕೂ ನಿಷೇಧವಿದೆ.

ಕೊನೆಗೆ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಮಾತೊಂದಿದೆ. ಅಂಗಡಿ, ಹೋಟೆಲು, ಮಂಟಪಗಳ ಮಾಲೀಕರು ನಮ್ಮ ಸದ್ಭಕ್ತರಲ್ಲಿಯೂ ಇದ್ದಾರೆ. ಮಗಳ ಮದುವೆಯ ಮೆರವಣಿಗೆಯಲ್ಲಿ ಡಿಜೆ ಹಾಕಿಸುವವರೂ ನಾವೇ. ಬೆಳಗಿನ ಜಾವ ಲಿಂಗಪೂಜೆಗೆ ಕುಳಿತಾಗ ನಮಗೆ ಬೇಕಾದ ಪ್ರಶಾಂತತೆ ನೆರೆಮನೆಯ ಹಸುಗೂಸಿಗೆ, ಪರೀಕ್ಷೆಗೆ ಓದುವ ಮಗುವಿಗೆ, ಹಾಸಿಗೆ ಹಿಡಿದ ವೃದ್ಧರಿಗೆ ರಾತ್ರಿಯಿಡೀ ಬೇಕು. ಆದುದರಿಂದ ಸ್ವಂತ ಕಟ್ಟಡವುಳ್ಳವರು ಇಂದು ರಾತ್ರಿ ಒಮ್ಮೆ ಅದರ ಹಿಂಬದಿಗೆ ಹೋಗಿ ನಿಂತು ಕೇಳಲಿ. ಮಂಟಪಕ್ಕೆ ಮುಂಗಡ ಕೊಡುವವರು ಧ್ವನಿವರ್ಧಕ ಹತ್ತಕ್ಕೆ ನಿಲ್ಲಬೇಕೆಂದು ಆಗಲೇ ಹೇಳಿಬಿಡಲಿ. ಇಷ್ಟಾದರೆ ನಮ್ಮಂಥ ವೈದ್ಯರ ಬಳಿಗೆ ನಿದ್ರೆಯ ಔಷಧಿ ಕೇಳಿಕೊಂಡು ಬರುವವರು ಎಷ್ಟೋ ಕಡಿಮೆಯಾಗುತ್ತಾರೆ.