ಓಡುವ ಕಾರು ಊರಿಗೆ ಬಂದರೆ ಅವ್ವ ಎಲ್ಲಿ ಕೂರಬೇಕು?

ಹೋದ ಮಳೆಗಾಲದಲ್ಲಿ ನಮ್ಮ ತಂಡದ ಗೆಳೆಯನೊಬ್ಬನ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದ. ಆ ವರ್ಷ ಶುಂಠಿಗೆ ಒಳ್ಳೆ ರೇಟು ಸಿಕ್ಕಿತ್ತು. ಕಾರಿನ ಕಂಪನಿಯ ಹೆಸರು ಇಲ್ಲಿ ಬೇಡ. ತಗ್ಗಿನ ಕಾರು, ಅಗಲ ಚಕ್ರ, ಹಿಂದೆ ಎರಡು ಸೈಲೆನ್ಸರ್ ಬಾಯಿ. ಊರ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಹುಡುಗರೆಲ್ಲ ಸುತ್ತ ಸೇರುತ್ತಿದ್ದರು. ನಾವೂ ಸೇರಿದ್ದೆವು, ಫೋಟೋ ಕೂಡ ಹೊಡೆಸಿಕೊಂಡಿದ್ದೆವು.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಅವನ ಅಪ್ಪನಿಗೆ ಎದೆನೋವು ಬಂತು. ಕಾರು ಮನೆಯಲ್ಲಿರಲಿಲ್ಲ. ಗೇರ್‌ಬಾಕ್ಸಿನ ಒಂದು ಭಾಗ ಬರಬೇಕೆಂದು ಹದಿನೆಂಟು ದಿನದಿಂದ ಸಿಟಿಯ ಗ್ಯಾರೇಜಿನಲ್ಲಿ ನಿಂತಿತ್ತು. ಅಪ್ಪನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದದ್ದು ಪಕ್ಕದ ಮನೆಯವರ ಹಳೆಯ ಮಾರುತಿ ಓಮ್ನಿ. ಅವರು ಉಳಿದರು. ಆದರೆ ಆ ರಾತ್ರಿ ಓಮ್ನಿಯ ಹಿಂದೆ ಅಪ್ಪನ ತಲೆ ಹಿಡಿದು ಕೂತಿದ್ದ ಹುಡುಗ ನಮಗೆ ಹೇಳಿದ ಮಾತು ಇಷ್ಟೇ: 'ನನ್ನ ಕಾರು ಎಷ್ಟು ಸೆಕೆಂಡಿಗೆ ನೂರು ಮುಟ್ಟತ್ತೆ ಅಂತ ಎಲ್ಲರೂ ಕೇಳಿದ್ರು. ಬೇಕಾದಾಗ ಇರತ್ತಾ ಅಂತ ಒಬ್ರೂ ಕೇಳ್ಲಿಲ್ಲ.'

ಕೇಳದವರಲ್ಲಿ ನಾವೂ ಇದ್ದೆವು. ಅದಕ್ಕೇ ಈ ಲೇಖನ.

ಮೊದಲೇ ಒಂದು ಮಾತು. ಜೋರಾಗಿ ಓಡುವ ಕಾರಿನ ಮೇಲೆ ಆಸೆ ಪಡುವುದು ತಪ್ಪಲ್ಲ. ಹಳ್ಳಿಯವನಿಗೆ ಟ್ರ್ಯಾಕ್ಟರ್ ಸಾಕು, ಕಾರು ಯಾಕೆ ಅನ್ನುವವರ ಜೊತೆ ನಾವು ಇಲ್ಲ. ನಮ್ಮ ತಕರಾರು ಬೇರೆ. ಮೊಬೈಲಿನಲ್ಲಿ ನೋಡುವ ಕಾರು ವಿಡಿಯೋಗಳೆಲ್ಲ ಖಾಲಿ ಹೈವೇಯಲ್ಲಿ, ಒಬ್ಬನೇ ಡ್ರೈವರ್ ಇಟ್ಟುಕೊಂಡು ಮಾಡಿದವು. ನಮ್ಮ ಊರಿನ ಲೆಕ್ಕವೇ ಬೇರೆ. ನಮ್ಮ ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಒಂದು ಮೂಟೆ, ಮುಂದೆ ಕಬ್ಬಿನ ಟ್ರ್ಯಾಕ್ಟರ್, ಕೆಳಗೆ ಬಣ್ಣ ಬಳಿಯದ ಹಂಪು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ಊರಿಗೆ ಬಂದ ಕಾರೂ ಕೆಸರಿಗೆ ಇಳಿಯಲೇಬೇಕು.

ಹಾಗಾಗಿ ನಮ್ಮ ಕಡೆಯ ಹುಡುಗರು ಹೆಚ್ಚು ಮಾತಾಡುವ ಮೂರು ಕಾರುಗಳನ್ನು ನಮ್ಮ ಲೆಕ್ಕದಲ್ಲೇ ಹೋಲಿಸೋಣ. ಒಂದು, 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್. ಎರಡು, 2024ರ ಜೂನ್‌ನಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್. ಮೂರು, ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಲೀಟರ್ ಟರ್ಬೊ. ಮೊದಲ ಎರಡು ಒಂದೇ ಬೆಲೆಯ ಆಸುಪಾಸಿನವು. ಮೂರನೆಯದು ಅವಕ್ಕಿಂತ ಸಾಕಷ್ಟು ದುಬಾರಿ.

ಎಳೆತ ನೋಡಿ, ಓಟ ಆಮೇಲೆ

ಐ20 ಎನ್ ಲೈನ್ ಮತ್ತು ಆಲ್ಟ್ರೋಜ್ ರೇಸರ್ ಎರಡರದೂ 120 ಪಿಎಸ್ ಶಕ್ತಿ. ವರ್ಟಸ್ 1.5ರದು 150 ಪಿಎಸ್. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುವುದು ಈ ನಂಬರನ್ನೇ. ನಮಗೆ ಬೇಕಾದದ್ದು ಅದರ ಪಕ್ಕದ ಸಣ್ಣ ನಂಬರು, ಅಂದರೆ ಟಾರ್ಕ್. ಗಾಡಿ ಕೆಸರಲ್ಲಿ ಹೂತಾಗ ಎತ್ತು ಎಷ್ಟು ಜೋರಾಗಿ ಓಡುತ್ತದೆ ಅಂತ ಯಾರೂ ನೋಡುವುದಿಲ್ಲ, ಎಷ್ಟು ಎಳೆಯುತ್ತದೆ ಅಂತ ನೋಡುತ್ತಾರೆ. ಟಾರ್ಕ್ ಅಂದರೆ ಆ ಎಳೆತ.

ಐ20 ಎನ್ ಲೈನ್‌ನಲ್ಲಿ 172 ನ್ಯೂಟನ್ ಮೀಟರ್ ಎಳೆತ 1500 ಆರ್‌ಪಿಎಂನಿಂದಲೇ ಸಿಗುತ್ತದೆ. ಆಲ್ಟ್ರೋಜ್ ರೇಸರ್‌ನಲ್ಲಿ 170, ಅದು 1750ರಿಂದ. ವರ್ಟಸ್‌ನಲ್ಲಿ 250, 1600ರಿಂದ. ಇದರ ಅರ್ಥ ಏನು? ಟರ್ಬೊ ಎಂಜಿನ್ ಈ ಸಂಖ್ಯೆಗಿಂತ ಕೆಳಗೆ ಇದ್ದಾಗ ಸ್ವಲ್ಪ ಮಂಕು. ಐದು ಜನ ತುಂಬಿಕೊಂಡು ಏರು ಹತ್ತುವಾಗ, ಹಂಪು ದಾಟಿ ಎರಡನೇ ಗೇರಿನಲ್ಲಿ ಎತ್ತುವಾಗ ಆ ಮಂಕು ಗೊತ್ತಾಗುತ್ತದೆ. ಎಳೆತ ಎಷ್ಟು ಬೇಗ ಶುರುವಾದರೆ ನಮ್ಮ ರಸ್ತೆಗೆ ಅಷ್ಟು ಸಲೀಸು.

ಈ ಎಳೆತ ಶೋಕಿಗೆ ಮಾತ್ರ ಅಲ್ಲ ಅಂತಲೂ ಹೇಳಬೇಕು. ಎರಡು ಟ್ರೇಲರ್ ಕಬ್ಬಿನ ಟ್ರ್ಯಾಕ್ಟರನ್ನು ದಾಟುವಾಗ ಎದುರು ಲೇನಿನಲ್ಲಿ ಎಷ್ಟು ಕಡಿಮೆ ಹೊತ್ತು ಇರುತ್ತೀರೋ ಅಷ್ಟು ಒಳ್ಳೆಯದು. ಅಲ್ಲಿ ಎಳೆತ ಇರುವ ಕಾರು ಜೀವ ಉಳಿಸುತ್ತದೆ. ಆದರೆ ಅದೇ ಧೈರ್ಯದಲ್ಲಿ ತಿರುವಿನಲ್ಲೂ ದಾಟಲು ಹೋದರೆ ಅದೇ ಕಾರು ಜೀವ ತೆಗೆಯುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಕಾರು ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. 60ರಲ್ಲಿ ನಿಲ್ಲುತ್ತಿದ್ದ ಜಾಗದಲ್ಲಿ 120ರಲ್ಲಿ ನಿಲ್ಲುವುದಿಲ್ಲ. ಎದುರಿಗೆ ಎಮ್ಮೆ ಬಂದಾಗ ಈ ಲೆಕ್ಕ ನೆನಪಾದರೆ ತಡವಾಗಿರುತ್ತದೆ.

ಸುಖ ಇರುವುದು ಟೈರಿನ ಗೋಡೆಯಲ್ಲಿ

ಕಾರಿನ ಟೈರ್ ಮೇಲೆ 195/55 ಆರ್16 ಅಂತ ಬರೆದಿರುತ್ತದೆ. 195 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ಆ ಅಗಲದ ನೂರಕ್ಕೆ 55 ಭಾಗ ಟೈರಿನ ಗೋಡೆಯ ಎತ್ತರ. ಅಂದರೆ ಸುಮಾರು 107 ಮಿಲಿಮೀಟರ್. ಐ20 ಎನ್ ಲೈನ್ ಟೈರು ಇದೇ ಅಳತೆಯದು. ವರ್ಟಸ್ ಟರ್ಬೊದ 205/55ರಲ್ಲಿ ಗೋಡೆ ಸುಮಾರು 113 ಮಿಲಿಮೀಟರ್. ಸಾಮಾನ್ಯ ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗೆ ಬರುವ 165/80 ಟೈರಿನಲ್ಲಿ 132.

ಗುಂಡಿಯ ಮೊದಲ ಏಟು ತಿನ್ನುವುದು ಈ ರಬ್ಬರಿನ ಗೋಡೆ. ಅದು ಗಿಡ್ಡವಾದಷ್ಟೂ ಏಟು ರಿಮ್ಮಿಗೆ, ಅಲ್ಲಿಂದ ಸೀಟಿಗೆ, ಅಲ್ಲಿಂದ ನಿಮ್ಮ ಅವ್ವನ ಸೊಂಟಕ್ಕೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಹುಡುಗರು ಮೊದಲು ಮಾಡುವ ಕೆಲಸ ಇನ್ನೂ ದೊಡ್ಡ ರಿಮ್, ಇನ್ನೂ ತೆಳು ಟೈರ್ ಹಾಕಿಸುವುದು. ದುಡ್ಡು ಕೊಟ್ಟು ನೋವು ತಂದುಕೊಳ್ಳುವುದು ಅಂದರೆ ಇದೇ.

ಎನ್ ಲೈನ್‌ನ ಸಸ್ಪೆನ್ಷನ್ ಮಾಮೂಲಿ ಐ20ಗಿಂತ ಬಿಗಿ. ತಿರುವಿನಲ್ಲಿ ಕಾರು ವಾಲದಿರಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಅದು ಖುಷಿ. ಹಿಂದೆ ಕೂತ ಅಜ್ಜಿಗೆ ಅಲ್ಲ. ಆದ್ದರಿಂದ ಟೆಸ್ಟ್ ಡ್ರೈವ್‌ಗೆ ಗೆಳೆಯರನ್ನು ಕರೆದುಕೊಂಡು ಹೋಗಬೇಡಿ. ಅವ್ವನನ್ನು ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಕೂರಿಸಿ. ಕಾರು ಹತ್ತಿ ಇಳಿಯಲು ಆಕೆಗೆ ಎಷ್ಟು ಕಷ್ಟವಾಯಿತು ನೋಡಿ. ಶೋರೂಮಿನವರು ತೋರಿಸುವ ಒಳ್ಳೆ ರಸ್ತೆ ಬಿಟ್ಟು ಕೆಟ್ಟ ರಸ್ತೆಗೆ ತಿರುಗಿಸಿ.

ಕೆಳಗಿನ ಜಾಗವೂ ಮುಖ್ಯ. ಆಲ್ಟ್ರೋಜ್ ನೆಲದಿಂದ 165 ಮಿಲಿಮೀಟರ್, ಐ20 170, ವರ್ಟಸ್ 179. ಇದು ಖಾಲಿ ಕಾರಿನ ಲೆಕ್ಕ. ಐದು ಜನ ಕೂತರೆ ಕಾರು ತಗ್ಗುತ್ತದೆ. ಹೊಲದ ದಾರಿಯ ನಡುವಿನ ದಿಬ್ಬಕ್ಕೆ ಆಯಿಲ್ ಚೇಂಬರ್ ತಾಗಿ ಒಡೆದರೆ ಆಯಿಲ್ ಸೋರಿ ಹೋಗುತ್ತದೆ. ಗೊತ್ತಾಗದೆ ಹಾಗೇ ಓಡಿಸಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಒಂದು ಗೇಣು ಕೋಲು ಇಟ್ಟುಕೊಂಡು ನಿಮ್ಮ ದಾರಿಯ ದಿಬ್ಬಗಳನ್ನು ಅಳೆದು ನೋಡಿ. ನಗಬೇಡಿ, ನಾವು ಅಳೆದಿದ್ದೇವೆ.

ಗೇರ್ ಕಡ್ಡಿ ಇರುವುದೇ ವಾಸಿ

ಐ20 ಎನ್ ಲೈನ್ ಮತ್ತು ವರ್ಟಸ್ 1.5 ಎರಡರಲ್ಲೂ ಏಳು ಗೇರಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಸಿಗುತ್ತದೆ. ಆಲ್ಟ್ರೋಜ್ ರೇಸರ್ ಬಂದದ್ದು ಆರು ಗೇರಿನ ಮ್ಯಾನುಯಲ್‌ನಲ್ಲಿ ಮಾತ್ರ. ಡ್ಯುಯಲ್ ಕ್ಲಚ್ ಅಂದರೆ ಎರಡು ಕ್ಲಚ್ಚುಗಳು ಸರದಿಯಲ್ಲಿ ಕೆಲಸ ಮಾಡಿ ಕಣ್ಣು ಮಿಟುಕಿಸುವುದರಲ್ಲಿ ಗೇರ್ ಬದಲಿಸುತ್ತವೆ. ಹೈವೇಯಲ್ಲಿ ಅದರಷ್ಟು ಚೆಂದ ಬೇರೆ ಇಲ್ಲ. ಆದರೆ ಒಣ ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿಗೆ ಜಾತ್ರೆಯ ಜಂಗುಳಿ ಆಗಿಬರುವುದಿಲ್ಲ. ಇಂಚಿಂಚೇ ಮುಂದೆ ಸರಿಯುವಾಗ, ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೇ ಕಾರು ನಿಲ್ಲಿಸಿಕೊಂಡಾಗ ಕ್ಲಚ್ ಕಾಯುತ್ತದೆ.

2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯೇ ಏಳು ಗೇರಿನ ಡ್ಯುಯಲ್ ಕ್ಲಚ್ ಇದ್ದ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿ ಗೇರ್ ಆಯಿಲ್ ಬದಲಿಸಬೇಕಾಯಿತು. ಆ ಕಾಲದ ಕಾರುಗಳೇ ಇಂದು ಸೆಕೆಂಡ್ ಹ್ಯಾಂಡ್ ಮಾರ್ಕೆಟಿನಲ್ಲಿ ಹೊಳೆಯುವ ಪಾಲಿಶ್ ಹಾಕಿಕೊಂಡು ನಿಂತಿವೆ. ಹಳೆಯ ಆಟೋಮ್ಯಾಟಿಕ್ ಕೊಳ್ಳುವುದಾದರೆ ಸರ್ವಿಸ್ ದಾಖಲೆ ಪೂರ್ತಿ ನೋಡದೆ ಮುಂಗಡ ಕೊಡಬೇಡಿ. ಹೊಸದಾದರೂ ಹಳೆಯದಾದರೂ ನಮ್ಮ ಆಯ್ಕೆ ಮ್ಯಾನುಯಲ್. ಅದರ ಕ್ಲಚ್ ಪ್ಲೇಟು ಹೋದರೆ ತಾಲ್ಲೂಕಿನಲ್ಲೇ ರಿಪೇರಿ ಮಾಡುವವರು ಸಿಗುತ್ತಾರೆ. ಡ್ಯುಯಲ್ ಕ್ಲಚ್ ಬಿಚ್ಚುವವರು ಸಿಟಿಯಲ್ಲೂ ಕೆಲವರೇ.

ಟರ್ಬೊ ಎಂಜಿನ್ನಿಗೆ ಇನ್ನೊಂದು ನಿಯಮ ಉಂಟು. ಆಯಿಲ್ ಗ್ರೇಡ್ ಪುಸ್ತಕದಲ್ಲಿ ಹೇಳಿದ್ದೇ ಇರಬೇಕು. 'ಯಾವುದಾದ್ರೂ ನಡಿಯತ್ತೆ ಬಿಡು' ಅನ್ನುವ ಗ್ಯಾರೇಜು ಟ್ರ್ಯಾಕ್ಟರಿಗೆ ಇರಲಿ. ದೂರದಿಂದ ಜೋರಾಗಿ ಓಡಿಸಿಕೊಂಡು ಬಂದರೆ ತಕ್ಷಣ ಕೀ ತಿರುಗಿಸಬೇಡಿ. ಅರ್ಧ ನಿಮಿಷ ಎಂಜಿನ್ ಹಾಗೇ ಓಡಲಿ, ಟರ್ಬೊ ತಣ್ಣಗಾಗಲಿ.

ಸರ್ವಿಸ್ ಸೆಂಟರ್ ಎಷ್ಟು ದೂರ?

ಭರವಸೆ ಅಂದರೆ ಕಾರು ಕೆಡುವುದೇ ಇಲ್ಲ ಅಂತಲ್ಲ. ಕೆಟ್ಟರೆ ಎಷ್ಟು ದಿನದಲ್ಲಿ ಮನೆಗೆ ಬರುತ್ತದೆ ಅನ್ನುವುದು ಭರವಸೆ. ನಮ್ಮ ರಾಜ್ಯದ ಸಣ್ಣ ಊರುಗಳಲ್ಲಿ ಹ್ಯುಂಡೈ, ಟಾಟಾ ಸರ್ವಿಸ್ ಸಿಗುವಷ್ಟು ಸುಲಭವಾಗಿ ಫೋಕ್ಸ್‌ವ್ಯಾಗನ್ ಸಿಗುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಹತ್ತಿರದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಈ ಕಾರಿನ ಮುಂದಿನ ಬಂಪರ್ ಸ್ಟಾಕ್ ಇದೆಯಾ? ಗೇರ್‌ಬಾಕ್ಸ್ ಕೆಲಸ ಇಲ್ಲೇ ಮಾಡುತ್ತೀರಾ, ಬೇರೆ ಊರಿಗೆ ಕಳಿಸುತ್ತೀರಾ? ಉತ್ತರ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ಬಿದ್ದರೆ ಉಳಿಸುತ್ತದಾ?

ಜೋರಾಗಿ ಓಡುವ ಕಾರು ಕೊಳ್ಳುವವರು ಇದನ್ನೇ ಮೊದಲು ಕೇಳಬೇಕು. ಗ್ಲೋಬಲ್ ಎನ್‌ಕ್ಯಾಪ್ ಗುದ್ದಾಟದ ಪರೀಕ್ಷೆಯಲ್ಲಿ ಆಲ್ಟ್ರೋಜ್ 2020ರಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್ ಪಡೆಯಿತು. ವರ್ಟಸ್ 2023ರಲ್ಲಿ, ಇನ್ನೂ ಬಿಗಿಯಾದ ಹೊಸ ನಿಯಮದಲ್ಲಿ, ದೊಡ್ಡವರಿಗೂ ಮಕ್ಕಳಿಗೂ 5 ಸ್ಟಾರ್ ಪಡೆಯಿತು. 2022ರಲ್ಲಿ ಎರಡು ಏರ್‌ಬ್ಯಾಗಿನ ಐ20ಗೆ ಸಿಕ್ಕಿದ್ದು 3 ಸ್ಟಾರ್. ಆಮೇಲಿನ ಎನ್ ಲೈನ್‌ಗೆ ಆರು ಏರ್‌ಬ್ಯಾಗ್ ಬಂದವು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಏರ್‌ಬ್ಯಾಗ್ ಎಷ್ಟು ಅಂತ ಎಣಿಸಿ. ಹಿಂದೆ ಕೂತವರೂ ಬೆಲ್ಟ್ ಹಾಕದಿದ್ದರೆ ಈ ಸ್ಟಾರ್‌ಗಳೆಲ್ಲ ಆಕಾಶದ ಸ್ಟಾರ್‌ಗಳಷ್ಟೇ.

ಸಾಲದ ಲೆಕ್ಕ

10 ಲಕ್ಷ ಸಾಲ, ನೂರಕ್ಕೆ 10ರ ಬಡ್ಡಿ, 7 ವರ್ಷ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 16,600 ರೂಪಾಯಿ. ಕೊನೆಗೆ ಕಟ್ಟುವುದು ಹತ್ತಿರ ಹತ್ತಿರ 14 ಲಕ್ಷ. ಬ್ಯಾಂಕಿನವರು ತಿಂಗಳ ಸಂಬಳದ ಲೆಕ್ಕದಲ್ಲಿ ಕಂತು ಕೇಳುತ್ತಾರೆ. ನಮ್ಮ ಆದಾಯ ವರ್ಷಕ್ಕೊಮ್ಮೆ ಬರುವ ಬೆಳೆ. ಒಂದು ವರ್ಷದ ಶುಂಠಿ ರೇಟು ನೋಡಿ ಏಳು ವರ್ಷದ ಕಂತಿಗೆ ಸಹಿ ಹಾಕುವುದು ನಮಗೆ ಸರಿ ಕಾಣುವುದಿಲ್ಲ.

ಹಾಗಾದರೆ ಯಾವುದು?

ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ಮನೆಗೆ ಇರುವುದು ಒಂದೇ ಕಾರು ಅಂದರೆ, ಈ ಕಾರುಗಳ ಮಾಮೂಲಿ ಮಾಡೆಲ್ ತೆಗೆದುಕೊಳ್ಳಿ. ಅದೇ ಬಾಡಿ, ಅದೇ ಜಾಗ, ಕಡಿಮೆ ಬೆಲೆ, ಅವ್ವನ ಸೊಂಟಕ್ಕೂ ಸುಖ. ಟರ್ಬೊ ಬೇಕೇ ಬೇಕು ಅನ್ನುವವರಲ್ಲಿ ಗಟ್ಟಿತನ ಮುಖ್ಯ ಅನ್ನುವವರಿಗೆ ಆಲ್ಟ್ರೋಜ್ ರೇಸರ್. ಏರು ರಸ್ತೆ ಹೆಚ್ಚಿರುವವರಿಗೆ, ಏರ್‌ಬ್ಯಾಗ್ ಆರು ಇರುವ ಐ20 ಎನ್ ಲೈನ್ ಮ್ಯಾನುಯಲ್. ದುಡ್ಡೂ ಇದೆ, ಸರ್ವಿಸ್ ಸೆಂಟರೂ ಹತ್ತಿರ ಇದೆ ಅನ್ನುವವರಿಗೆ ಮೂರರಲ್ಲಿ ವರ್ಟಸ್ ಒಳ್ಳೆಯದು. ಹತ್ತು ವರ್ಷ ಹಳೆಯ ದುಬಾರಿ ಕಾರು ಮಾತ್ರ, ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಮನೆಯ ಒಂದೇ ಕಾರಾಗಿ ಬೇಡ. ಕೊಳ್ಳುವ ಬೆಲೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ.

ಆ ಹುಡುಗ ಕಾರು ಮಾರಲಿಲ್ಲ. ರಿಪೇರಿಯಾಗಿ ಬಂತು, ಈಗಲೂ ಭಾನುವಾರ ತೊಳೆದು ಒರೆಸುತ್ತಾನೆ. ಆದರೆ ಅವನ ಮನೆಯ ಮುಂದೆ ಈಗ ಇನ್ನೊಂದು ಕಾರು ನಿಂತಿದೆ. ಪಕ್ಕದ ಮನೆಯವರು ಮಾರಲು ಇಟ್ಟಿದ್ದ ಆ ಹಳೆಯ ಓಮ್ನಿ. ಅಪ್ಪ ಸಂತೆಗೆ ಹೋಗುವುದು ಅದರಲ್ಲೇ.