ಅಟ್ಟದ ಮೇಲಿನ ಗೊಂಬೆಗಳಿಗೆ ವಿಮೆ ಬೇಕೆ?

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಒಂದೊಂದು ಗೊಂಬೆಯನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಟ್ರಂಕಿಗೆ ತುಂಬಿ ಅಟ್ಟಕ್ಕೆ ಏರಿಸುವುದು ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳ ವಾಡಿಕೆ. ಟ್ರಂಕಿನೊಳಗೆ ಎಷ್ಟು ಗೊಂಬೆಗಳಿವೆ, ಯಾವುದು ಎಲ್ಲಿಂದ ಬಂದದ್ದು ಎಂಬುದು ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ಬಾಯಿಪಾಠವಾಗಿರುತ್ತದೆ. ಕಾಗದದ ಮೇಲೆ ಮಾತ್ರ ಒಂದಕ್ಷರವೂ ಇರುವುದಿಲ್ಲ. ಜೀವಕ್ಕೆ ವಿಮೆಯಿದೆ, ಸ್ಕೂಟರಿಗೆ ವಿಮೆಯಿದೆ, ಒಡವೆಗೆ ಬ್ಯಾಂಕಿನ ಲಾಕರಿದೆ. ಮೂರು ತಲೆಮಾರಿನಿಂದ ಕೂಡಿಬಂದ ಈ ಗೊಂಬೆಗಳಿಗೆ ಏನಿದೆ?

ಈ ಪ್ರಶ್ನೆಯನ್ನು ಎತ್ತಿದಾಗಲೆಲ್ಲ ನನಗೆ ಎರಡು ಬಗೆಯ ಉತ್ತರಗಳು ದೊರೆತಿವೆ. 'ಆಟದ ಸಾಮಾನಿಗೆ ವಿಮೆಯೇ?' ಎಂದು ನಗುವವರು ಒಂದು ಬಗೆ. 'ಪೂಜೆಗೆ ಕೂರಿಸುವ ಗೊಂಬೆಗೆ ಬೆಲೆ ಕಟ್ಟುವುದೇ?' ಎಂದು ನೊಂದುಕೊಳ್ಳುವವರು ಇನ್ನೊಂದು ಬಗೆ. ಒಬ್ಬರಿಗೆ ಗೊಂಬೆ ಬೆಲೆಯಿಲ್ಲದ್ದು, ಮತ್ತೊಬ್ಬರಿಗೆ ಅದು ಬೆಲೆ ಕಟ್ಟಲಾಗದ್ದು. ಆದರೆ ಇಬ್ಬರ ಮನೆಯಲ್ಲೂ ಫಲ ಒಂದೇ: ಗೊಂಬೆ ಲೆಕ್ಕದ ಹೊರಗೆ ಉಳಿಯುತ್ತದೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಗೊಂಬೆಗಳ ಸ್ವಭಾವವನ್ನು ನೋಡೋಣ. ಪಟ್ಟದ ಗೊಂಬೆ ರಕ್ತಚಂದನದ್ದು. ಚನ್ನಪಟ್ಟಣದ್ದು ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕಿದ್ದು; ಬಿಸಿ ತಗುಲಿದರೆ ಅರಗು ಮೆತ್ತಗಾಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯದು ಹಗುರವಾದ ಮರ, ಮೇಲೆ ಹುಣಸೆ ಬೀಜದ ಅಂಟಿನ ಲೇಪ; ಅದಕ್ಕೆ ನೀರೇ ಶತ್ರು. ಮಣ್ಣಿನ ಗೊಂಬೆಗೆ ಕೈತಪ್ಪುವುದೊಂದೇ ಸಾಕು. ಅಜ್ಜಿಯ ಕಾಲದ ಸೆಲ್ಯುಲಾಯ್ಡ್ ಗೊಂಬೆಯಿದ್ದರಂತೂ ಅದು ಕ್ಷಣಾರ್ಧದಲ್ಲಿ ಹೊತ್ತಿಕೊಳ್ಳುವ ವಸ್ತು. ಅದನ್ನು ನಾವು ಒಂಬತ್ತು ದಿನ ಎಣ್ಣೆದೀಪದ ಬಳಿ, ವಿದ್ಯುತ್ ಸರಮಾಲೆಯ ನಡುವೆ ಕೂರಿಸುತ್ತೇವೆ. ಇನ್ನು ಮಳೆಯ ಮಾತು. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ ಬಾಗಲಕೋಟೆ ಸೀಮೆ, 2022ರಲ್ಲಿ ಬೆಂಗಳೂರಿನ ಬಡಾವಣೆಗಳು ನೀರಿಗೆ ಸಿಕ್ಕಿದ್ದನ್ನು ಕಂಡವರು 'ನಮ್ಮ ಮನೆಗೇನಾದೀತು' ಎಂದು ನಿಶ್ಚಿಂತೆಯಿಂದ ಇರಲಾರರು.

ಈಗ ವಿಮೆಯ ವಿಚಾರ. ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಮನೆವಿಮೆಯನ್ನು ಜಾರಿಗೆ ತಂದಿತು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಭೂಕಂಪ ಮೊದಲಾದವುಗಳಿಂದ ಆಗುವ ನಷ್ಟ ಇದರ ವ್ಯಾಪ್ತಿಗೆ ಬರುತ್ತದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಆ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಮನೆಯ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಕಟ್ಟಡಕ್ಕೆ 30 ಲಕ್ಷವಾದರೆ ಸಾಮಾನಿಗೆ 6 ಲಕ್ಷ. ಇಲ್ಲಿಗೆ ಗೊಂಬೆಯ ಸಮಸ್ಯೆಯೂ ತೀರಿತೆಂದು ತೋರುತ್ತದೆ. ತೀರುವುದಿಲ್ಲ.

ಏಕೆಂದರೆ ಈ ಪಾಲಿಸಿಯಲ್ಲಿ ಸಾಮಾನುಗಳು ಎರಡು ಬಗೆ. ಮಂಚ, ಬೀರು, ಟಿ.ವಿ.ಗಳಂಥವು ಸಾಮಾನ್ಯ ವಸ್ತುಗಳು. ಒಡವೆ, ಬೆಳ್ಳಿ, ವರ್ಣಚಿತ್ರ, ಕಲಾಕೃತಿ, ಪ್ರಾಚೀನ ಮತ್ತು ಅಪರೂಪದ ವಸ್ತುಗಳು ಬೆಲೆಬಾಳುವಂಥವು. ಇವಕ್ಕೆ ಬೇರೆಯಾಗಿ ಕೇಳಿ, ಹೆಚ್ಚಿನ ಕಂತು ಕಟ್ಟಿ ರಕ್ಷಣೆ ಪಡೆಯಬೇಕು. ಕಳೆದ ವರ್ಷ ಸಂತೆಯಲ್ಲಿ ಕೊಂಡ ಗೊಂಬೆ ಸಾಮಾನ್ಯ ವಸ್ತುವೇ ಸರಿ. ಎಂಬತ್ತು ವರ್ಷದ ಪಟ್ಟದ ಗೊಂಬೆ? ಅದು ಮನೆಯ ಸಾಮಾನೋ ಕಲಾಕೃತಿಯೋ ಎಂಬ ವಾದ ನಷ್ಟವಾದ ಮೇಲೆ ಹುಟ್ಟಿದರೆ ಸೋಲುವವರು ಮನೆಯವರೇ. ಆದುದರಿಂದ ಇದನ್ನು ಪಾಲಿಸಿ ಕೊಳ್ಳುವ ಮೊದಲೇ ಕಂಪನಿಯಿಂದ ಲಿಖಿತವಾಗಿ ಇತ್ಯರ್ಥ ಮಾಡಿಸಿಕೊಳ್ಳಬೇಕು. ಬೆಲೆಬಾಳುವ ವಸ್ತುಗಳ ರಕ್ಷಣೆಯಲ್ಲಿ ಒಂದು ಅನುಕೂಲವಿದೆ. ಮೊದಲೇ ಪರಸ್ಪರ ಒಪ್ಪಿದ ಬೆಲೆಯೇ ಅಲ್ಲಿ ಆಧಾರ. ಒಟ್ಟು 5 ಲಕ್ಷ ರೂಪಾಯಿ ಮೀರದೆ, ಯಾವ ಒಂದು ವಸ್ತುವೂ 1 ಲಕ್ಷ ಮೀರದೆ ಇದ್ದರೆ ಮೌಲ್ಯಮಾಪಕರ ಪ್ರಮಾಣಪತ್ರದ ಅಗತ್ಯವೂ ಇಲ್ಲ. ನಮ್ಮ ಮನೆಗಳ ಗೊಂಬೆಗಳೆಲ್ಲ ಬಹುಮಟ್ಟಿಗೆ ಈ ಮಿತಿಯೊಳಗೇ ಬರುತ್ತವೆ.

ಇನ್ನು ವಿಮೆ ಏನನ್ನು ಕೊಡುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಗೆದ್ದಲು, ಇಲಿ, ಬೂಷ್ಟು, ಬಣ್ಣ ಮಾಸುವುದು ಇವು ಯಾವುವೂ ಮೇಲೆ ಹೇಳಿದ ಆಪತ್ತುಗಳ ಪಟ್ಟಿಯಲ್ಲಿಲ್ಲ. ಅಟ್ಟದ ಗೊಂಬೆಗಳ ನಿಜವಾದ ವೈರಿಗಳು ಇವೇ ಆದ್ದರಿಂದ ಬೇವಿನ ಎಲೆ, ಒಣ ಬಟ್ಟೆ ಮತ್ತು ವರ್ಷಕ್ಕೊಮ್ಮೆಯ ಬಿಸಿಲಿಗೆ ಬದಲಿಯಾಗಬಲ್ಲ ಪಾಲಿಸಿ ಇಲ್ಲ. ಕಳ್ಳತನವೂ ಮೂಲ ಪಾಲಿಸಿಯಲ್ಲಿ ಪೂರ್ತಿ ಸೇರಿಲ್ಲ. ನೆರೆ, ಬೆಂಕಿಯಂಥ ಅನಾಹುತದ ಕಾರಣದಿಂದ ಏಳು ದಿನಗಳೊಳಗೆ ಆದ ಕಳವಿಗೆ ಮಾತ್ರ ಅಲ್ಲಿ ಪರಿಹಾರ. ಉಳಿದ ಕನ್ನಕಳವಿಗೆ ಬೇರೆ ರಕ್ಷಣೆ ಕೊಳ್ಳಬೇಕು. ನಾಣ್ಯ, ಹಸ್ತಪ್ರತಿಗಳನ್ನು ಪಾಲಿಸಿಯಲ್ಲಿ ಸ್ಪಷ್ಟವಾಗಿ ನಮೂದಿಸದಿದ್ದರೆ ಅವೂ ಹೊರಗೇ ಉಳಿಯುತ್ತವೆ. ಗೊಂಬೆಗಳ ಜೊತೆಗೆ ಹಳೆಯ ನಾಣ್ಯಗಳನ್ನು ಕೂಡಿಟ್ಟವರು ಇದನ್ನು ಗಮನಿಸಬೇಕು.

ಗಣಿತದ ಪಾಠವೊಂದನ್ನೂ ಇಲ್ಲಿ ಹೇಳಬೇಕು. ಕಂತು ಉಳಿಸಲೆಂದು ಬೆಲೆಯನ್ನು ಕಡಿಮೆ ತೋರಿಸುವ ಅಭ್ಯಾಸ ನಮ್ಮಲ್ಲಿದೆ. 2 ಲಕ್ಷದ ಸಂಗ್ರಹಕ್ಕೆ 1 ಲಕ್ಷದ ವಿಮೆ ಮಾಡಿಸಿ, 50 ಸಾವಿರದ ನಷ್ಟವಾಯಿತೆನ್ನಿ. ಸರಾಸರಿ ನಿಯಮವಿರುವ ಪಾಲಿಸಿಯಲ್ಲಿ ಕೈಗೆ ಬರುವುದು 25 ಸಾವಿರ ಮಾತ್ರ. ಅರ್ಧ ಬೆಲೆ ಹೇಳಿದವರಿಗೆ ಅರ್ಧ ಪರಿಹಾರ. ಗೃಹ ರಕ್ಷಾ ಪಾಲಿಸಿ ಕಟ್ಟಡ ಮತ್ತು ಸಾಮಾನ್ಯ ವಸ್ತುಗಳಿಗೆ ಈ ಕಡಿತವನ್ನು ಕೈಬಿಟ್ಟಿದೆ. ಬೇರೆ ಪಾಲಿಸಿಗಳಲ್ಲಿ ಈ ನಿಯಮ ಇದೆಯೇ ಎಂದು ನೋಡಿಕೊಳ್ಳಬೇಕು.

ಆದರೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಇನ್ನೊಂದು ನಿಯಮ. ಹಲವು ಗೃಹಸ್ಥ ಪಾಲಿಸಿಗಳಲ್ಲಿ 'ಜೋಡಿ ಮತ್ತು ಕಟ್ಟು' ಎಂಬ ಷರತ್ತಿರುತ್ತದೆ. ಜೋಡಿಯಲ್ಲಿ ಒಂದು ಹಾಳಾದರೆ ಆ ಒಂದರ ಬೆಲೆಯನ್ನಷ್ಟೇ ಕೊಡುತ್ತಾರೆ. ಜೋಡಿಯಾಗಿ ಅದಕ್ಕಿದ್ದ ವಿಶೇಷ ಬೆಲೆ ಲೆಕ್ಕಕ್ಕಿಲ್ಲ. ಪಟ್ಟದ ಗೊಂಬೆಯೆಂದರೆ ರಾಜ ಮತ್ತು ರಾಣಿ. ರಾಣಿ ಸುಟ್ಟುಹೋಗಿ ರಾಜನೊಬ್ಬನೇ ಉಳಿದರೆ, ಕಂಪನಿಯ ಕಣ್ಣಿಗೆ ಅರ್ಧ ನಷ್ಟ; ಮನೆಯವರಿಗೆ ಆ ವರ್ಷ ಮೇಲಿನ ಮೆಟ್ಟಿಲಿನಲ್ಲಿ ಕೂರಿಸಲು ಪಟ್ಟದ ಗೊಂಬೆಯೇ ಇಲ್ಲ. ಹಾಗಾಗಿ ಇಂಥ ಜೋಡಿಯನ್ನು ಒಂದೇ ವಸ್ತುವೆಂದು, ಒಂದೇ ಬೆಲೆಗೆ ನಮೂದಿಸುವಂತೆ ಕೇಳಬೇಕು. ಒಪ್ಪದಿದ್ದರೆ ಅದನ್ನು ತಿಳಿದೇ ಸಹಿ ಹಾಕಬೇಕು.

ಪಟ್ಟದ ಗೊಂಬೆ ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ವಸ್ತು ಎಂಬುದನ್ನು ನೆನೆದಾಗ ಈ ಚರ್ಚೆಗೆ ಇನ್ನೊಂದು ಮುಖ ಕಾಣುತ್ತದೆ. ಮನೆ, ಜಮೀನುಗಳಿಗೆ ಪತ್ರಗಳಿವೆ. ಅವು ಬಹುಪಾಲು ಗಂಡಸರ ಹೆಸರಿನಲ್ಲಿವೆ. ತಾಯಿಯಿಂದ ಮಗಳಿಗೆ ಸಾಗಿಬಂದ ಗೊಂಬೆಗೆ ಯಾವ ಪತ್ರವೂ ಇಲ್ಲ. ಪಾಲಾಗುವಾಗ ಅದು 'ಹಳೆಯ ಸಾಮಾನು' ಆಗುತ್ತದೆ. ಮನೆ ಬದಲಾಯಿಸುವಾಗ ಗುಜರಿಯ ಪಾಲಾಗುವುದೂ ಉಂಟು. ಗೊಂಬೆಗೆ ಬೆಲೆ ಕಟ್ಟುವುದು ಅದಕ್ಕೆ ಅಪಚಾರವೆಂದು ನಾನು ತಿಳಿಯುವುದಿಲ್ಲ. ಬೆಲೆ ಕಟ್ಟದೆ ಬಿಟ್ಟದ್ದರಿಂದಲೇ ಆ ಹೆಣ್ಣುಮಕ್ಕಳ ಆಸ್ತಿ ಇಷ್ಟು ಕಾಲ ಆಸ್ತಿಯೆನಿಸದೆ ಹೋಯಿತು.

ಆದುದರಿಂದ ನನ್ನ ಸಲಹೆ ಇಷ್ಟು. ವಿಮೆಗಿಂತ ಮೊದಲು ಒಂದು ಇನ್ನೂರು ಪುಟದ ಪುಸ್ತಕ ಕೊಳ್ಳಿ. ಮುಂದಿನ ಸಲ ಗೊಂಬೆಗಳನ್ನು ಇಳಿಸಿದಾಗ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಿ. ಎತ್ತರ, ವಸ್ತು, ಊರು, ಯಾರಿಂದ ಯಾರಿಗೆ ಬಂತು, ಎಲ್ಲಿ ಮುಕ್ಕಾಗಿದೆ, ಇಂದು ಅಂಥದ್ದನ್ನೇ ಕೊಳ್ಳಲು ಎಷ್ಟಾದೀತು ಎಂಬುದನ್ನು ಬರೆಯಿರಿ. ಮುಂದಿನಿಂದ, ಹಿಂದಿನಿಂದ, ಅಳತೆಪಟ್ಟಿಯ ಜೊತೆಗೆ ಫೋಟೋ ತೆಗೆದು, ಪ್ರತಿಯೊಂದನ್ನು ಬೇರೆ ಊರಿನಲ್ಲಿರುವ ಮಕ್ಕಳ ಬಳಿ ಇಡಿ. ಪಟ್ಟಿಯೂ ಅದೇ ಅಟ್ಟದಲ್ಲಿದ್ದರೆ ಅದೂ ಅದೇ ಬೆಂಕಿಗೆ ಆಹುತಿ. ಪುಟ್ಟ ಕಾರುಗಳನ್ನು ಡಬ್ಬಿ ತೆರೆಯದೆ ಕೂಡಿಡುವ ಇಂದಿನ ಹುಡುಗರಿಗೂ ಇದೇ ಮಾತು. ಅಲ್ಲಿ ಡಬ್ಬಿಯ ಸ್ಥಿತಿಯನ್ನೂ ಬರೆಯಬೇಕು, ಬೆಲೆಯ ಬಹುಭಾಗ ಅದರಲ್ಲೇ ಇರುತ್ತದೆ.

ಪಟ್ಟಿ ಮುಗಿದ ಮೇಲೆ ಮೊತ್ತ ನೋಡಿ. ಕೆಲವೇ ಸಾವಿರಗಳಾದರೆ ಗೊಂಬೆಗೆಂದು ಪ್ರತ್ಯೇಕ ಪಾಲಿಸಿ ಬೇಡ. ಮನೆಯ ಸಾಮಾನುಗಳ ವಿಮೆ ಸಾಕು. ಲಕ್ಷ ದಾಟಿದರೆ ಬೆಲೆಬಾಳುವ ವಸ್ತುಗಳ ರಕ್ಷಣೆ ಕೊಳ್ಳಿ. ನಷ್ಟವಾದಾಗ ಕಂಪನಿ ನ್ಯಾಯವಾಗಿ ನಡೆದುಕೊಳ್ಳದಿದ್ದರೆ ಮೊದಲು ಅದಕ್ಕೇ ಲಿಖಿತ ದೂರು ಕೊಟ್ಟು, ಅನಂತರ ವಿಮಾ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಬೆಂಗಳೂರಿನಲ್ಲಿಯೇ ಅವರ ಕಚೇರಿಯಿದೆ, ಶುಲ್ಕವಿಲ್ಲ.

ವಿಮೆಯ ಹಣದಿಂದ ಅಜ್ಜಿಯ ಗೊಂಬೆ ಮರಳಿ ಬರುವುದಿಲ್ಲ. ಆದರೆ ಆ ಹಣದಲ್ಲಿ ಚನ್ನಪಟ್ಟಣದ, ಕಿನ್ನಾಳದ ಕುಶಲಕರ್ಮಿಯಿಂದ ಹೊಸದೊಂದನ್ನು ಮಾಡಿಸಬಹುದು. ಪಟ್ಟಿಯಲ್ಲಿ ಅದರ ವಿವರವಿದ್ದರೆ ಹಳೆಯದರ ಹೋಲಿಕೆಯಲ್ಲೇ ಮಾಡಿಸಬಹುದು. ಮೊಮ್ಮಗಳು ಅದನ್ನು ಮೆಟ್ಟಿಲಿನ ಮೇಲೆ ಕೂರಿಸುವಾಗ, ಹಿಂದೆ ಅಲ್ಲಿ ಯಾವುದಿತ್ತು ಎಂದು ಕೇಳಿದರೆ ತೆರೆದು ತೋರಿಸಲು ಒಂದು ಪುಟವಾದರೂ ಇರುತ್ತದೆ.